ಅಪ್ಪನ ನುಡಿ ಕಡತಗಳೊಂದಿಗೆ ಲಿನಕ್ಸ್ ಮಿಂಟ್‌ಗೆ: ಮೊದಲ ಮೂರು ವಾರ

ಅಕ್ಟೋಬರ್ 18, 2025, ಶನಿವಾರ

ಮನೆಯ ಲ್ಯಾಪ್‌ಟಾಪ್ 2016ರದು. ಇಂಟೆಲ್‌ನ ಆರನೆಯ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ತಿರುಗುವ ಹಳೆಯ ಹಾರ್ಡ್ ಡಿಸ್ಕ್. ಅದರಲ್ಲಿದ್ದ ವಿಂಡೋಸ್ 10ರ ಬೆಂಬಲ ಇದೇ 14ನೇ ತಾರೀಖಿಗೆ ಮುಗಿಯಿತು. ವಿಂಡೋಸ್ 11 ಹಾಕಲು ಎಂಟನೆಯ ಅಥವಾ ಅದರ ನಂತರದ ತಲೆಮಾರಿನ ಇಂಟೆಲ್ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ನಮ್ಮದು ಆ ಸಾಲಿಗೆ ಬರುವುದಿಲ್ಲ. ಕೀಲಿಮಣೆ ಇನ್ನೂ ಗಟ್ಟಿಯಾಗಿದೆ, ಪರದೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ಇಷ್ಟು ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅಪ್ಪ ಚಾಮರಾಜಪೇಟೆಯಲ್ಲಿ 2003ರಿಂದ 2014ರವರೆಗೆ ಡಿಟಿಪಿ ಅಂಗಡಿ ನಡೆಸಿದವರು. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ದೇವಸ್ಥಾನದ ಜಾತ್ರೆಯ ಕರಪತ್ರ, ಹವ್ಯಾಸಿ ತಂಡಗಳ ನಾಟಕದ ಹಸ್ತಪ್ರತಿ ಎಲ್ಲವನ್ನೂ ಅವರು ಟೈಪ್ ಮಾಡಿ ಪ್ರೂಫ್ ತಿದ್ದಿ ಮುದ್ರಣಕ್ಕೆ ಕಳುಹಿಸುತ್ತಿದ್ದರು. ಆ ಕಡತಗಳಲ್ಲಿ ಹೆಚ್ಚಿನವು ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿವೆ. ಎಣಿಸಿದೆ: 612 ವರ್ಡ್ ಕಡತಗಳು, 140 ಪೇಜ್‌ಮೇಕರ್ ಕಡತಗಳು. ಹೊಸ ಕಾರ್ಯಾಚರಣಾ ವ್ಯವಸ್ಥೆಗೆ ಹೋಗುವುದಾದರೆ ಇವೂ ಜೊತೆಯಲ್ಲಿ ಬರಬೇಕು, ಅಪ್ಪ ಮೊದಲಿನ ಹಾಗೆಯೇ ಕೀಲಿಮಣೆ ನೋಡದೆ ಟೈಪ್ ಮಾಡುವಂತಿರಬೇಕು. ಈ ಎರಡು ಷರತ್ತುಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇನೆ.

ಬೆಳಿಗ್ಗೆ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರಸ್ತೆಗೆ ನಡೆದೆ. ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಒಂದು ಎಸ್‌ಎಸ್‌ಡಿ, ಹಳೆಯ ಡಿಸ್ಕನ್ನು ಹೊರಗಿನಿಂದ ಜೋಡಿಸಲು ಒಂದು ಯುಎಸ್‌ಬಿ ಡಬ್ಬಿ, 16 ಜಿಬಿ ಪೆನ್‌ಡ್ರೈವ್ ಕೊಂಡೆ. ಬೇರೇನೂ ಬೇಕಾಗಲಿಲ್ಲ.

ಅಕ್ಟೋಬರ್ 19, ಭಾನುವಾರ

ವಿಂಡೋಸ್ ಬದಲಿಗೆ ಆರಿಸಿಕೊಂಡದ್ದು ಲಿನಕ್ಸ್ ಮಿಂಟ್ 22.2 ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04ರ ಅಡಿಪಾಯದ ಮೇಲೆ ನಿಂತಿರುವ ಆವೃತ್ತಿ ಇದು, 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಮಿಂಟ್‌ನವರು ಪ್ರತಿ ಆವೃತ್ತಿಗೂ ಹೆಣ್ಣುಮಕ್ಕಳ ಹೆಸರಿಡುತ್ತಾರೆ. ಇದರ ಹೆಸರು ಜಾರಾ. ಅದರ ಸಿನಮನ್ ಡೆಸ್ಕ್‌ಟಾಪ್‌ನಲ್ಲಿ ಮೆನು ಕೆಳಗಿನ ಎಡಮೂಲೆಯಲ್ಲಿದೆ, ಗಡಿಯಾರ ಬಲಮೂಲೆಯಲ್ಲಿದೆ. ಎಪ್ಪತ್ತು ದಾಟಿದ ಅಪ್ಪನಿಗೆ ಇದು ಮುಖ್ಯ. ಕಣ್ಣು ಹುಡುಕುವ ಜಾಗದಲ್ಲಿ ವಸ್ತು ಇದ್ದರೆ ಅರ್ಧ ಕಲಿಕೆ ಮುಗಿದಂತೆ.

ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿದೆ. ಡಿಸ್ಕನ್ನು ಮುಟ್ಟದೆ ವೈಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್ ಎಲ್ಲವನ್ನೂ ಪರೀಕ್ಷಿಸಬಹುದು. ಲಿನಕ್ಸ್‌ಗೆ ಹೋಗಬೇಕೆಂದಿರುವವರು ಈ ಹೆಜ್ಜೆಯನ್ನು ತಪ್ಪಿಸಬಾರದು. ಎಲ್ಲವೂ ಸರಿಯಿತ್ತು. ಹಳೆಯ ಡಿಸ್ಕನ್ನು ಬಿಚ್ಚಿ ತೆಗೆದು ಎಸ್‌ಎಸ್‌ಡಿ ಕೂರಿಸಿ ಇನ್‌ಸ್ಟಾಲ್ ಮಾಡಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮೊದಲು ಯಂತ್ರ ಏಳಲು ಎರಡು ನಿಮಿಷ ಬೇಕಿತ್ತು, ಈಗ ಇಪ್ಪತ್ತು ಸೆಕೆಂಡು ಸಾಕು. ಇದರ ಶ್ರೇಯಸ್ಸಿನ ದೊಡ್ಡ ಪಾಲು ಎಸ್‌ಎಸ್‌ಡಿಗೇ ಸೇರಬೇಕು. ವಿಂಡೋಸ್ ಉಳಿಸಿಕೊಂಡೇ ಡಿಸ್ಕ್ ಬದಲಿಸಿದ್ದರೂ ವೇಗ ಹೆಚ್ಚುತ್ತಿತ್ತು. ಮಿಂಟ್‌ನ ಗುಣ ಬೇರೆ ಕಡೆ ಕಾಣುತ್ತದೆ. ಏನೂ ತೆರೆಯದೆ ಸುಮ್ಮನೆ ಕುಳಿತಾಗ ಅದು ಬಳಸುವ ಮೆಮೊರಿ ಒಂದು ಜಿಬಿಯ ಆಸುಪಾಸು. ಫ್ಯಾನ್ ಸದ್ದು ಮಾಡುವುದು ನಿಂತಿದೆ, ಪಕ್ಕದಲ್ಲಿ ಮಲಗುವ ಅಮ್ಮ ಅದನ್ನು ಮೊದಲು ಗಮನಿಸಿದರು.

ನಾಳೆ ನರಕ ಚತುರ್ದಶಿ. ಹಬ್ಬ ಮುಗಿಯುವವರೆಗೆ ಕೆಲಸವಿಲ್ಲ.

ಅಕ್ಟೋಬರ್ 25, ಶನಿವಾರ

ಇಡೀ ದಿನ ಕನ್ನಡ ಟೈಪಿಂಗ್‌ಗೇ ಹೋಯಿತು. ಇಲ್ಲಿಯವರೆಗೆ ನಾನು ಅತಿ ಹೆಚ್ಚು ಕಲಿತ ದಿನವೂ ಇದೇ.

ಅಪ್ಪನ ಬೆರಳುಗಳಲ್ಲಿ ಇರುವುದು ಕಗಪ ವಿನ್ಯಾಸ, ಅಂದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲಿ, ಅಂಗಡಿಗಳಲ್ಲಿ ಹರಡಿದ ವಿನ್ಯಾಸ. ಅದರ ಮೂಲ ಕೆ.ಪಿ. ರಾವ್ ಅವರದು. ಇಂಗ್ಲಿಷ್ ಕೀಲಿಯ ಧ್ವನಿಗೆ ಹತ್ತಿರದ ಕನ್ನಡ ಅಕ್ಷರ ಅಲ್ಲಿರುತ್ತದೆ: ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರಕ್ಕೆ ಎಫ್ ಕೀಲಿ. ಕೆ, ಎಫ್, ಆರ್ ಎಂದು ಒತ್ತಿದರೆ ಕ್ರ ಬರುತ್ತದೆ. ಹಳೆಯ ಕಂಪ್ಯೂಟರ್‌ಗಳ ಕಾಲದಿಂದ ಇಂದಿನವರೆಗೆ ಏನೇನೋ ಬದಲಾಗಿದ್ದರೂ ಈ ಸರಳತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಮಿಂಟ್‌ನ ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಹುಡುಕಿದಾಗ ಕನ್ನಡದ ಹೆಸರಿನ ಕೆಳಗೇ ಕಗಪ ಕಾಣಿಸಿತು. ಸೇರಿಸಿ, ಅಪ್ಪನನ್ನು ಕರೆದು ಕೂರಿಸಿದೆ. ಅವರು ಮೊದಲ ಸಾಲಿನಲ್ಲೇ ಕೈ ನಿಲ್ಲಿಸಿದರು.

“ಸ್ವರ ಸರಿಯಾಗಿ ಬರುತ್ತಿಲ್ಲ, ನೋಡು” ಎಂದರು.

“ಯಾವುದು ಅಪ್ಪ?”

“ಪದದ ಮೊದಲಲ್ಲಿ ಆ ಬೇಕು, ನಡುವೆ ದೀರ್ಘ ಬೇಕು. ಎರಡಕ್ಕೂ ನಾನು ಒತ್ತುವುದು ಒಂದೇ ಕೀಲಿ. ಇಲ್ಲಿ ಬೇರೆ ಬೇರೆ ಕೇಳುತ್ತಿದೆ.”

ಅವರು ಹೇಳಿದ್ದು ಸರಿ. ಸೆಟ್ಟಿಂಗ್‌ನಲ್ಲಿ ಸಿಗುವ ವಿನ್ಯಾಸ ಸ್ಥಿರವಾದದ್ದು. ಒಂದು ಕೀಲಿ ಒಂದೇ ಅಕ್ಷರವನ್ನು ಕೊಡಬಲ್ಲುದು, ಹಿಂದೆ ಏನು ಟೈಪ್ ಆಗಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಹೀಗಾಗಿ ಸ್ವರಕ್ಕೊಂದು, ಸ್ವರಚಿಹ್ನೆಗೊಂದು ಬೇರೆ ಒತ್ತುವಿಕೆ ಬೇಕಾಗುತ್ತದೆ. ನುಡಿ ಹಾಗಲ್ಲದೆ ಹಿಂದಿನ ಅಕ್ಷರವನ್ನು ನೋಡಿ ತಾನೇ ತೀರ್ಮಾನಿಸುತ್ತದೆ. ಹಿಂದೆ ವ್ಯಂಜನ ಇದ್ದರೆ ಗುಣಿತ, ಇಲ್ಲದಿದ್ದರೆ ಪೂರ್ಣ ಸ್ವರ.

ಹಾಗೆ ತೀರ್ಮಾನಿಸುವ ಶಕ್ತಿ ಲಿನಕ್ಸ್‌ನಲ್ಲಿ ಐಬಸ್ ಎಂಬ ವ್ಯವಸ್ಥೆಗೆ ಇದೆ. ಅದರ ಎಂ17ಎನ್ ಭಾಗವನ್ನು ಇನ್‌ಸ್ಟಾಲ್ ಮಾಡಿ, ಇನ್‌ಪುಟ್ ಮೆಥಡ್ ಕಿಟಕಿಯಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ಔಟ್ ಆಗಿ ಮರಳಿ ಬಂದರೆ ಕನ್ನಡಕ್ಕೆ ಹಲವು ವಿನ್ಯಾಸಗಳು ಸಿಗುತ್ತವೆ: ಇನ್‌ಸ್ಕ್ರಿಪ್ಟ್, ಐಟ್ರಾನ್ಸ್, ಟೈಪ್‌ರೈಟರ್, ಕೆಜಿಪಿ. ಕೆಜಿಪಿ, ಅಂದರೆ ಕಗಪವೇ ನಮಗೆ ಬೇಕಾದದ್ದು. ಲಾಗ್ಔಟ್ ಆಗಬೇಕೆಂಬುದು ಹೊಳೆಯದೆ ನಾನು ಒಂದು ಗಂಟೆ ಕಳೆದೆ. ಬೇರೆಯವರಿಗೆ ಆ ಗಂಟೆ ಉಳಿಯಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಎರಡನೆಯ ಸಲ ಅಪ್ಪ ಕುಳಿತಾಗ ಒಂದು ಲಗ್ನಪತ್ರಿಕೆಯ ಒಕ್ಕಣೆಯನ್ನು ನೆನಪಿನಿಂದಲೇ ಇಡಿಯಾಗಿ ಟೈಪ್ ಮಾಡಿದರು. ಕೆಳಗೆ ನೋಡಲೇ ಇಲ್ಲ. ಹನ್ನೊಂದು ವರ್ಷಗಳಿಂದ ಅವರು ಪ್ರತಿದಿನ ಟೈಪ್ ಮಾಡುವವರಲ್ಲ, ಆದರೂ ಬೆರಳು ಒಂದನ್ನೂ ಮರೆತಿಲ್ಲ. ನಾನು ಮಾತನಾಡದೆ ನಿಂತು ನೋಡಿದೆ.

ರ‍್ಯಾಮ್, ರ‍್ಯಾಂಕ್ ಎಂಬಂತಹ ಪದಗಳು ಬಾಕಿ ಉಳಿದವು. ನೇರವಾಗಿ ಟೈಪ್ ಮಾಡಿದರೆ ರ ಬಲಗಡೆಯ ಅರ್ಕಾವೊತ್ತಾಗಿ ‘ರ್ಯಾ’ ಆಗುತ್ತದೆ. ರ ಅಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಿ ಆಮೇಲೆ ಒತ್ತು ಕೊಡಬೇಕು. ವರ್ಡ್‌ನಂತಹ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ 200ಡಿ ಎಂದು ಇಂಗ್ಲಿಷ್‌ನಲ್ಲಿ ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಆ ಜೋಡಕ ಬರುತ್ತದೆ. ಆಗಾಗ ಬೇಕಾಗುವ ನಾಲ್ಕೈದು ಪದಗಳನ್ನು ಆಟೊಕರೆಕ್ಟ್ ಪಟ್ಟಿಗೆ ಸೇರಿಸಿದೆ.

ಅಕ್ಟೋಬರ್ 26, ಭಾನುವಾರ

ಹಳೆಯ ಡಿಸ್ಕನ್ನು ಯುಎಸ್‌ಬಿ ಡಬ್ಬಿಯಲ್ಲಿ ಜೋಡಿಸಿದೆ. ಓದಲು ಮಾತ್ರ ಅವಕಾಶವಿದೆ, ಬರೆಯಲು ಇಲ್ಲ ಎಂದಿತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಯಂತ್ರ ಪೂರ್ತಿ ಆರುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ. ಅಂತಹ ಡಿಸ್ಕ್‌ನ ಮೇಲೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ. ನನಗೆ ಇದರಿಂದ ನೆಮ್ಮದಿಯೇ ಆಯಿತು. ಮೂಲ ಕಡತಗಳ ಮೇಲೆ ಯಾರ ಕೈಯೂ ಜಾರುವುದಿಲ್ಲ. ಎಲ್ಲವನ್ನೂ ನಕಲು ಮಾಡಿಕೊಂಡೆ.

ಮೊದಲ ಕಡತ ತೆರೆದಾಗ ಯುರೋಪಿನ ಅಕ್ಷರಗಳ, ಚಿಹ್ನೆಗಳ ರಾಶಿ. ಇದನ್ನು ನಿರೀಕ್ಷಿಸಿದ್ದೆ. ಹಳೆಯ ನುಡಿ ಫಾಂಟ್‌ಗಳು ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯವಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಂಡುಗಳನ್ನು ಕೂರಿಸಿದವು. ಹಳೆಯ ಡಿಸ್ಕ್‌ನ ಫಾಂಟ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ತಂದು ನನ್ನ ಹೋಮ್ ಫೋಲ್ಡರ್‌ನ ಒಳಗಿರುವ ಫಾಂಟ್ ಜಾಗದಲ್ಲಿ ಇಟ್ಟೆ. ಲಿಬ್ರೆಆಫೀಸ್ ಮುಚ್ಚಿ ತೆರೆದರೆ 2004ರ ಒಂದು ರಥೋತ್ಸವದ ಕರಪತ್ರ ಅಂದು ಇದ್ದಂತೆಯೇ ಪರದೆಯ ಮೇಲೆ ಬಂದಿತು.

ನೋಡಲು ಕನ್ನಡ ಬಂದರೂ ಹುಡುಕಲು ಬರುವುದಿಲ್ಲ. ಒಳಗಿರುವುದು ಇನ್ನೂ ಆ ರಾಶಿಯೇ. ಹೆಸರು ಹಾಕಿ ಹುಡುಕಿದರೆ ಸಿಗಬೇಕೆಂದರೆ ಯುನಿಕೋಡ್‌ಗೆ ಪರಿವರ್ತಿಸಲೇಬೇಕು.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ರಸ್ತೆಯ ಕೊನೆಯಲ್ಲಿ ಧ್ವಜ ಏರಿಸಿ ಬಂದು ಪರಿವರ್ತನೆಗೆ ಕುಳಿತೆ.

ಇದು ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. ನುಡಿ ಫಾಂಟ್‌ನಲ್ಲಿ ಕ ಎಂಬುದು ಎರಡು ತುಂಡು: ಒಡಲು ಒಂದು, ತಲೆಕಟ್ಟು ಒಂದು. ಅಲ್ಲಿನ ಕ್ರಮ ಕಣ್ಣಿಗೆ ಕಾಣುವ ಕ್ರಮ. ‘ಸೂರ್ಯ’ ಎಂದು ಬರೆದರೆ ಯ ಮೊದಲು ಬಂದು ಅದರ ಬಲಕ್ಕೆ ಅರ್ಕಾವೊತ್ತು ಕೂರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ರ ಮೊದಲು, ಒತ್ತು, ಆಮೇಲೆ ಯ. ‘ಅಕ್ಕಿ’ಯಲ್ಲಿಯೂ ಹಾಗೆಯೇ, ನುಡಿಯಲ್ಲಿ ಗುಡಿಸು ಹತ್ತಿದ ಕಿ ಬಂದ ಮೇಲೆ ಕೆಳಗಿನ ಒತ್ತು ಬರುತ್ತದೆ, ಯುನಿಕೋಡ್‌ನಲ್ಲಿ ಒತ್ತು ಮುಗಿದ ಮೇಲೆ ಗುಡಿಸು. ಹಾಗಾಗಿ ಪರಿವರ್ತಕವು ತುಂಡುಗಳನ್ನು ಸೇರಿಸಬೇಕು, ಸ್ಥಾನವನ್ನೂ ಬದಲಿಸಬೇಕು. ಕನ್ನಡದ ಉತ್ಸಾಹಿಗಳು ಬರೆದು ಮುಕ್ತವಾಗಿ ಹಂಚಿರುವ ಪರಿವರ್ತಕಗಳು ಇದನ್ನು ಚೆನ್ನಾಗಿ ಮಾಡುತ್ತವೆ. ಅವರಿಗೆ ನಾನು ಋಣಿ.

ತೊಡಕು ಬಂದದ್ದು ಇಂಗ್ಲಿಷ್ ಬೆರೆತ ಕಡತಗಳಲ್ಲಿ. ಲಗ್ನಪತ್ರಿಕೆಯಲ್ಲಿ ವರನ ಪದವಿ ಇಂಗ್ಲಿಷ್‌ನಲ್ಲಿರುತ್ತದೆ. ಪಠ್ಯವನ್ನೆಲ್ಲ ಒಟ್ಟಿಗೆ ಪರಿವರ್ತಕಕ್ಕೆ ಕೊಟ್ಟರೆ ಆ ಪದವಿಯೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಪರಿಹಾರ ಕಡತದ ಒಳಗೇ ಇತ್ತು. ವರ್ಡ್ ಕಡತವನ್ನು ಲಿಬ್ರೆಆಫೀಸ್‌ನ ಒಡಿಟಿ ರೂಪಕ್ಕೆ ತಂದರೆ ಅದು ಜಿಪ್ ಮಾಡಿದ ಎಕ್ಸ್‌ಎಂಎಲ್, ಅಂದರೆ ಗುರುತುಪಟ್ಟಿಗಳಿರುವ ಸಾದಾ ಪಠ್ಯ. ಯಾವ ಪದಕ್ಕೆ ಯಾವ ಫಾಂಟ್ ಎಂದು ಅಲ್ಲಿ ಬರೆದಿರುತ್ತದೆ. ನುಡಿ ಫಾಂಟ್ ಇರುವ ಭಾಗವನ್ನು ಮಾತ್ರ ಪರಿವರ್ತಿಸುವ ಚಿಕ್ಕ ಪೈಥಾನ್ ಕಾರ್ಯಕ್ರಮ ಬರೆದೆ. ಪೈಥಾನ್ ಮಿಂಟ್‌ನಲ್ಲಿ ಮೊದಲೇ ಇರುತ್ತದೆ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯಿಂದ ಒಂದು ಸಾಲಿನಲ್ಲಿ ಇಡೀ ಫೋಲ್ಡರ್‌ಗೆ ಅನ್ವಯಿಸಬಹುದು. ಟರ್ಮಿನಲ್ ಎಂದರೆ ಇದ್ದ ಅಳುಕು ಇಲ್ಲಿಗೆ ಹೋಯಿತು.

ಒಂದು ಎಚ್ಚರಿಕೆ. ಲಿನಕ್ಸ್‌ನಲ್ಲಿ ಕಡತದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ವಿಂಡೋಸ್‌ನಲ್ಲಿ ಒಂದೇ ಎನಿಸಿಕೊಳ್ಳುತ್ತಿದ್ದ ಹೆಸರುಗಳು ಇಲ್ಲಿ ಎರಡು ಕಡತಗಳಾಗಿ ನಿಲ್ಲುತ್ತವೆ.

ನವೆಂಬರ್ 5, ಬುಧವಾರ

ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಬ್ಯಾಟರಿ ಹಳೆಯದು, ಯಂತ್ರ ತಕ್ಷಣ ಆರಿತು. ಮತ್ತೆ ಹಚ್ಚಿದಾಗ ಅಪ್‌ಡೇಟ್ ಅರ್ಧದಲ್ಲಿ ನಿಂತಿದೆ ಎಂಬ ದೂರು. ಯಾವ ಆಜ್ಞೆ ಕೊಡಬೇಕೆಂದು ಆ ಸಂದೇಶದಲ್ಲೇ ಬರೆದಿತ್ತು. ಕೊಟ್ಟೆ, ಎರಡು ನಿಮಿಷದಲ್ಲಿ ಸರಿಹೋಯಿತು. ಅಂದೇ ಟೈಮ್‌ಶಿಫ್ಟ್ ಚಾಲೂ ಮಾಡಿದೆ. ವಾರಕ್ಕೊಮ್ಮೆ ವ್ಯವಸ್ಥೆಯ ಪ್ರತಿಯನ್ನು ತೆಗೆದಿಡುತ್ತದೆ, ಕೆಟ್ಟರೆ ಹಿಂದಿನ ವಾರಕ್ಕೆ ಮರಳಬಹುದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಅಪ್ಪನ ಕಡತಗಳಿಗೆ ಪ್ರತ್ಯೇಕವಾಗಿ ಪೆನ್‌ಡ್ರೈವ್‌ನಲ್ಲಿ ನಕಲು ಇದೆ, ಏಕೆಂದರೆ ಟೈಮ್‌ಶಿಫ್ಟ್ ಕಾಪಾಡುವುದು ವ್ಯವಸ್ಥೆಯನ್ನು. ಹೋಮ್ ಫೋಲ್ಡರ್‌ನ ಬರಹಗಳನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ.

ಮೆನುಗಳನ್ನು ಕನ್ನಡಕ್ಕೆ ಬದಲಿಸಿಯೂ ನೋಡಿದೆವು. ಕಡತ, ಕಡತಕೋಶ, ಗುಪ್ತಪದ ಎಂಬ ಪದಗಳು ಅಪ್ಪನಿಗೆ ಬಹಳ ಹಿಡಿಸಿದವು. ಆದರೆ ಅನುವಾದ ಅಲ್ಲಲ್ಲಿ ನಿಂತಿದೆ, ಒಂದೇ ಕಿಟಕಿಯಲ್ಲಿ ಎರಡು ಭಾಷೆ. ಸದ್ಯಕ್ಕೆ ಇಂಗ್ಲಿಷ್‌ಗೆ ಮರಳಿದ್ದೇವೆ. ಉಳಿದ ಅನುವಾದಕ್ಕೆ ಕೈಜೋಡಿಸಬೇಕೆಂದು ನನಗೆ ಗಟ್ಟಿಯಾಗಿ ಅನಿಸಿದೆ.

ನವೆಂಬರ್ 9, ಭಾನುವಾರ

612ರಲ್ಲಿ 388 ಕಡತಗಳು ಯುನಿಕೋಡ್‌ಗೆ ಬಂದಿವೆ. ಪ್ರತಿಯೊಂದನ್ನೂ ಅಪ್ಪ ಓದುತ್ತಾರೆ. ಪರದೆಯಲ್ಲಿ ಓದಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ ಎಂದು ಹಟ ಹಿಡಿದು ಮುದ್ರಿಸಿ ಕೊಡಲು ಹೇಳುತ್ತಾರೆ, ಕೆಂಪು ಪೆನ್ನಿನಲ್ಲಿ ಹಳೆಯ ಪ್ರೂಫ್ ಗುರುತುಗಳನ್ನೇ ಹಾಕುತ್ತಾರೆ. ಅವರ ಮಾತು ನಿಜವಾಯಿತು: ಎರಡು ಒತ್ತು ಒಂದರ ಕೆಳಗೊಂದು ಬರುವ ಕಡೆ, ‘ಶಾಸ್ತ್ರಿ’, ‘ರಾಷ್ಟ್ರ’ ಎಂಬಲ್ಲಿ, ನನ್ನ ಕಾರ್ಯಕ್ರಮ ಕೆಲವು ಸಲ ಒಂದು ಒತ್ತನ್ನು ಕಳೆದುಹಾಕುತ್ತಿತ್ತು. ನಾನು ಹತ್ತು ಸಲ ನೋಡಿಯೂ ಕಂಡಿರಲಿಲ್ಲ. ತಿದ್ದಿದೆ.

ಸಂಜೆ ಅಮ್ಮ ಬಂದು ತಮ್ಮ ತಂಗಿಯ ಗೃಹಪ್ರವೇಶದ ಆಹ್ವಾನ ಇದೆಯೇ ಎಂದು ಕೇಳಿದರು. ಚಿಕ್ಕಮ್ಮನ ಹೆಸರು ಹಾಕಿ ಹುಡುಕಿದೆ. ಮೂರು ಕಡತ ಸಿಕ್ಕವು. ಒಂದು ಅದೇ, 2007ರದು. ಇನ್ನೆರಡು ಅವರ ಮಕ್ಕಳ ನಾಮಕರಣದವು.

ಪೇಜ್‌ಮೇಕರ್ ಕಡತಗಳು ಲಿಬ್ರೆಆಫೀಸ್ ಡ್ರಾನಲ್ಲಿ ತೆರೆಯುತ್ತವೆ, ಅಕ್ಷರಗಳು ತಮ್ಮ ಜಾಗದಲ್ಲೇ ಇವೆ. ಸುತ್ತಲಿನ ಬಳ್ಳಿಯ ಚೌಕಟ್ಟು ಮಾತ್ರ ನಾನು ನೋಡಿದ ಆರು ಕಡತಗಳಲ್ಲಿ ನಾಲ್ಕರಲ್ಲಿ ಬಂದಿಲ್ಲ. ಆ ಚಿತ್ರಗಳು ಬೇರೆ ಸಿಡಿಯೊಂದರಲ್ಲಿದ್ದವು ಎಂದು ಅಪ್ಪ ನೆನಪಿಸಿಕೊಂಡರು. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಸುಮಾರು ಐವತ್ತು ಸಿಡಿಗಳಿವೆ, ಯಾವುದಕ್ಕೂ ಚೀಟಿ ಇಲ್ಲ. ಶನಿವಾರ ಅಲ್ಲಿಂದ ಶುರು.