ಎರಡನೇ ಶನಿವಾರ, ಕೋರ್ಟಿಲ್ಲ, ಪ್ರೊಫೈಲ್ ಕೆಲ್ಸ

ತುಮಕೂರು, ಶನಿವಾರ, 14 ಜೂನ್ 2025

ಬೆಳಗ್ಗೆ ಒಂದು ರಿಟನ್ ಸ್ಟೇಟ್‌ಮೆಂಟ್, ಅಂದ್ರೆ ದಾವೆಗೆ ಕೊಡೋ ಲಿಖಿತ ಉತ್ತರ, ಬಾಕಿ ಇತ್ತು, ಅದನ್ನ ಮುಗಿಸಿ ತಿಂಡಿ ತಿಂದು ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಂ ಎರಡನ್ನೂ ಸರಿ ಮಾಡೋಣ ಅಂತ ಕೂತೆ. ಸೀನಿಯರ್ ಆಫೀಸ್ ಬಿಟ್ಟು ಸ್ವಂತ ಪ್ರಾಕ್ಟೀಸ್ ಶುರು ಮಾಡಿದಾಗಿಂದ ಸಿಕ್ಕೋರೆಲ್ಲಾ ಹೇಳೋದು ಒಂದೇ, ಈಗ ಜನ ಲಾಯರ್ ಹುಡ್ಕೋದೂ ಫೋನಲ್ಲೇ, ಆನ್‌ಲೈನಲ್ಲಿ ಕಾಣಿಸ್ಕೊಳ್ಳಿ ಅಂತ. ನನ್ ತಂಗಿ ಬೆಂಗಳೂರಲ್ಲಿ ಐಟಿ ಕಂಪನಿ ಎಚ್‌ಆರ್, ಫೋನಲ್ಲೇ ಕ್ಲಾಸ್ ತಗೊಂಡ್ಳು. ಹೆಡ್‌ಲೈನಿಗೆ 220 ಅಕ್ಷರ ಕೊಡ್ತಾರೆ ವೇಸ್ಟ್ ಮಾಡ್ಬೇಡ, ಗೆದ್ದಿರೋ ಕೇಸ್ ಎಲ್ಲಾ ಬರಿ, ಕ್ಲೈಂಟ್ ಜೊತೆ ಫೋಟೋ ಹಾಕು, ಅವ್ರ ಹತ್ರ ನಾಲ್ಕು ಒಳ್ಳೆ ಮಾತು ಬರೆಸ್ಕೋ, ಡಿಪಿ ಸುತ್ತ ಆ ಹಸಿರು 'ಓಪನ್ ಟು ವರ್ಕ್' ರಿಂಗ್ ಹಾಕು, ಅಕ್ಕಾ ನಿಂದು ಬರೀ ಸಂಕೋಚ ಅಂದ್ಲು. ಸಂಕೋಚ ಅಲ್ಲ ಕಣೇ, ನೀನು ಹೇಳ್ತಿರೋ ಒಂದೊಂದೂ ನನ್ ಸನ್ನದಿಗೇ ಕುತ್ತು ತರೋ ಅಂಥದ್ದು ಅಂದೆ. ಅವ್ಳು ನಂಬ್ಲಿಲ್ಲ.

ಹೊರಗಿನೋರಿಗೆ ಇದು ನಿಜವಾಗ್ಲೂ ಗೊತ್ತಿಲ್ಲ. ವಕೀಲರು ಜಾಹೀರಾತು ಕೊಡೋ ಹಾಗಿಲ್ಲ. ವಕೀಲರ ಮೇಲೆ ನಿಗಾ ಇಡೋ ಬಾರ್ ಕೌನ್ಸಿಲ್ ಆಫ್ ಇಂಡಿಯಾ (ಬಿಸಿಐ) ನಿಯಮಗಳಲ್ಲಿ 36ನೇ ರೂಲ್ ಅಂತ ಇದೆ, ನೇರವಾಗಿ ಆಗ್ಲಿ ಸುತ್ತಿ ಬಳಸಿ ಆಗ್ಲಿ ಕೆಲ್ಸ ಕೇಳಂಗಿಲ್ಲ, ಸರ್ಕ್ಯುಲರ್ ಹಂಚಂಗಿಲ್ಲ, ದಲ್ಲಾಳಿ ಇಡಂಗಿಲ್ಲ, ನಾವು ನಡೆಸ್ತಿರೋ ಕೇಸ್ ಸಂಬಂಧ ನಮ್ ಫೋಟೋ ಪ್ರಕಟ ಆಗೋ ಹಾಗೆ ಮಾಡಂಗಿಲ್ಲ. ಬೋರ್ಡ್ ಕೂಡ 'ತಕ್ಕಷ್ಟು ಅಳತೆ'ದೇ ಇರ್ಬೇಕು, ಅದ್ರ ಮೇಲೆ ಇಂಥ ಸಂಘದ ಅಧ್ಯಕ್ಷರು ಅಂತಾನೋ, ಇಂಥ ಕೇಸಲ್ಲಿ ಪರಿಣಿತರು ಅಂತಾನೋ ಬರ್ಸಂಗಿಲ್ಲ. ಮೀರಿದ್ರೆ 1961ರ ವಕೀಲರ ಕಾಯ್ದೆ 35ನೇ ಸೆಕ್ಷನ್ ಪ್ರಕಾರ ದುರ್ನಡತೆ, ಸಸ್ಪೆಂಡ್ ಆಗ್ಬಹುದು, ವಕೀಲರ ಪಟ್ಟಿಯಿಂದ ಹೆಸ್ರೇ ತೆಗೀಬಹುದು. ಇದೆಲ್ಲಾ ಬರೆದಾಗ ಫೇಸ್‌ಬುಕ್ಕೂ ಇರ್ಲಿಲ್ಲ ಯೂಟ್ಯೂಬೂ ಇರ್ಲಿಲ್ಲ, ಗೋಡೆ ಮೇಲಿನ ಬೋರ್ಡ್ ಅಳತೆನೇ ದೊಡ್ಡ ತಲೆನೋವು ಆಗಿದ್ದ ಕಾಲ ಅದು.

2008ರಲ್ಲಿ ಸ್ವಲ್ಪ ಸಡಿಲ ಮಾಡಿದ್ರು. ವೆಬ್‌ಸೈಟ್ ಮಾಡ್ಕೋಬಹುದು, ಆದ್ರೆ ಅದ್ರಲ್ಲಿ ಹೆಸರು, ವಿಳಾಸ, ಫೋನು ಇಮೇಲು, ಎನ್‌ರೋಲ್‌ಮೆಂಟ್ ನಂಬರು ತಾರೀಖು, ಯಾವ ಬಾರ್ ಕೌನ್ಸಿಲ್ಲು, ಓದಿರೋದು, ಯಾವ ಯಾವ ವಿಷಯದಲ್ಲಿ ಪ್ರಾಕ್ಟೀಸು, ಇಷ್ಟೇ. ಲಿಂಕ್ಡ್‌ಇನ್ ಅನ್ನೋ ಹೆಸ್ರು ಅಲ್ಲೆಲ್ಲೂ ಇಲ್ಲ, ಆದ್ರೂ ಅದೇ ಗೆರೆ ಒಳಗೆ ಇದ್ಬಿಟ್ರೆ ಕ್ಷೇಮ ಅಂತ ನನ್ ತೀರ್ಮಾನ. ತಮಾಷೆ ನೋಡಿ, 'ಕೌಟುಂಬಿಕ ಕಾನೂನಿನಲ್ಲಿ ಪರಿಣಿತೆ' ಅಂತ ಬರೆದ್ರೆ ತಪ್ಪು, 'ಪ್ರಾಕ್ಟೀಸ್ ಕ್ಷೇತ್ರ: ಕೌಟುಂಬಿಕ ಕಾನೂನು' ಅಂತ ಬರೆದ್ರೆ ಸರಿ. ಓದೋನಿಗೆ ಏನ್ ವ್ಯತ್ಯಾಸ ಆಗುತ್ತೆ ಅಂತ ನಂಗಂತೂ ಇವತ್ತಿಗೂ ಅರ್ಥ ಆಗಿಲ್ಲ.

ಹಾಗಾಗಿ ಇವತ್ತು ಮಾಡಿದ ಕೆಲ್ಸ ಸೇರಿಸೋದಕ್ಕಿಂತ ಕಿತ್ತಾಕಿದ್ದೇ ಜಾಸ್ತಿ. ಕಾಲೇಜಲ್ಲಿದ್ದಾಗ ಹಾಕ್ಕೊಂಡಿದ್ದ 'ಪ್ಯಾಷನೇಟ್', 'ರಿಸಲ್ಟ್ ಓರಿಯೆಂಟೆಡ್' ಎಲ್ಲಾ ತೆಗೆದೆ, ಯಾವ ವಕೀಲೆ ತಾನೇ ರಿಸಲ್ಟ್ ಬೇಡ ಅಂತಾಳೆ. ಹೆಡ್‌ಲೈನಲ್ಲಿ ವಕೀಲೆ, ತುಮಕೂರು, ಸಿವಿಲ್ ಮತ್ತು ಕೌಟುಂಬಿಕ ವ್ಯಾಜ್ಯ, ಕನ್ನಡ ಇಂಗ್ಲಿಷ್ ಎರಡರಲ್ಲೂ ಡ್ರಾಫ್ಟಿಂಗ್, ಇಷ್ಟು. ಅಬೌಟ್‌ನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣೋದು, ಮಿಕ್ಕಿದ್ದಕ್ಕೆ ಒತ್ತಿ ತೆಗೀಬೇಕು, ಅದಕ್ಕೇ ಊರು, ಯಾವ ಕೋರ್ಟುಗಳು, ಯಾವ ಥರದ ಕೇಸು ಅನ್ನೋದನ್ನ ಮೇಲೇ ತಂದಿಟ್ಟೆ.

ಫೋಟೋ ವಿಷ್ಯಕ್ಕೆ ಅರ್ಧ ಗಂಟೆ ಹೋಯ್ತು. ಬ್ಯಾಂಡ್, ಗೌನ್ ಹಾಕ್ಕೊಂಡು ತೆಗೆಸಿದ್ದೊಂದಿತ್ತು, ಚೆನ್ನಾಗೇ ಬಂದಿತ್ತು. ಆದ್ರೆ ಕೋರ್ಟ್ ಬಿಟ್ಟು ಬೇರೆ ಸಾರ್ವಜನಿಕ ಜಾಗದಲ್ಲಿ ಬ್ಯಾಂಡು ಗೌನು ಹಾಕಂಗಿಲ್ಲ ಅಂತ್ಲೂ ಒಂದು ನಿಯಮ ಇದೆ, ವಿಶೇಷ ಸಮಾರಂಭಕ್ಕಷ್ಟೇ ವಿನಾಯ್ತಿ. ಗೌನ್ ಹಾರಿಸ್ಕೊಂಡು ಕಾರಿಂದ ಇಳಿಯೋ ರೀಲ್ಸ್ ಮಾಡ್ತಾರಲ್ಲ, ಸ್ಲೋ ಮೋಷನ್, ಹಿಂದೆ ಸಿನಿಮಾ ಮ್ಯೂಸಿಕ್ಕು, ಅವ್ರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬಲ್ಲ. ನಾನು ಮಾಮೂಲಿ ಕಾಟನ್ ಸೀರೆ ಉಟ್ಟು ತೆಗೆಸಿದ ಫೋಟೋನೇ ಹಾಕ್ದೆ.

ರೀಲ್ಸ್ ಅಂದಾಗ ಇನ್ನೊಂದು. ಕರ್ನಾಟಕ ಹೈಕೋರ್ಟ್ ಕಲಾಪ ಯೂಟ್ಯೂಬಲ್ಲಿ ಲೈವ್ ಬರುತ್ತೆ, 2022 ಜನವರಿಯಿಂದ ಅದಕ್ಕೆ ಪ್ರತ್ಯೇಕ ನಿಯಮಗಳೂ ಇವೆ. ಅದನ್ನ ಕತ್ತರಿಸಿ ತಾವು ವಾದ ಮಾಡಿದ ತುಂಡನ್ನ ಸ್ಟೇಟಸ್ಸಿಗೆ ಹಾಕ್ಕೊಳ್ಳೋ ಚಪಲ ನಮ್ಮೋರಿಗೆ ತುಂಬಾ. ಅನುಮತಿ ಇಲ್ಲದೆ ರೆಕಾರ್ಡ್ ಮಾಡಿ ಹಂಚಂಗಿಲ್ಲ ಅಂತ ಆ ನಿಯಮದಲ್ಲೇ ಇದೆ, 2024 ಸೆಪ್ಟೆಂಬರಲ್ಲಿ ಒಂದು ಕ್ಲಿಪ್ ದೇಶದ ತುಂಬಾ ಓಡಾಡಿ ಗಲಾಟೆ ಆದ್ಮೇಲೆ ಹೈಕೋರ್ಟೇ ಕ್ಲಿಪ್ ಹಾಕೋದಕ್ಕೆ ತಡೆ ಕೊಡ್ತು. ನಂಗೇನೋ ಒಂದು ಜಾಮೀನು ಅರ್ಜಿ ವಾದದ್ದು ಸಕತ್ತಾಗಿ ಬಂದಿದೆ ಅಂತ ಗೊತ್ತು, ನೋಡಿ ಖುಷಿ ಪಟ್ಕೊಂಡು ಸುಮ್ನಿರೋದು.

ಇದ್ರ ಮಧ್ಯೆ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ಹುಡುಗ ಮತ್ತೆ ಫೋನ್ ಮಾಡಿದ್ದ. ಮೇಡಂ ತುಮಕೂರ್ ಬೆಸ್ಟ್ ಲಾಯರ್ ಅಂತ ಸರ್ಚ್ ಮಾಡಿದ್ರೆ ನಿಮ್ ಹೆಸ್ರೇ ಫಸ್ಟ್ ಬರೋ ಹಾಗೆ ಮಾಡ್ತೀವಿ, ಸ್ಟಾರ್ ರಿವ್ಯೂನೂ ನಾವೇ ಹಾಕಿಸ್ತೀವಿ, ತಿಂಗಳಿಗಿಷ್ಟು ಅಂತ. ಇಂಥ ಲಾಯರ್ ಲಿಸ್ಟಿಂಗ್, ರೇಟಿಂಗ್ ವಿಷಯದಲ್ಲೇ 2024 ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಖಡಕ್ಕಾಗಿ ಹೇಳಿದೆ, ವಕೀಲಿಕೆ ವ್ಯಾಪಾರ ಅಲ್ಲ, ಹೀಗೆ ಜಾಹೀರಾತು ಕೊಡೋ ವಕೀಲರ ಮೇಲೆ ಶಿಸ್ತು ಕ್ರಮ ತಗೊಳ್ಳಿ ಅಂತ ಬಾರ್ ಕೌನ್ಸಿಲ್‌ಗೆ ನಿರ್ದೇಶನ ಕೊಡ್ತು. 2025 ಮಾರ್ಚಲ್ಲಿ ಬಿಸಿಐ ಇನ್ನೊಂದು ಪ್ರಕಟಣೆ ಹೊರಡಿಸಿ ಸಿನಿಮಾ ನಟರು, ಇನ್‌ಫ್ಲುಯೆನ್ಸರ್‌ಗಳನ್ನ ಇಟ್ಕೊಂಡು ಪ್ರಚಾರ ಮಾಡೋದನ್ನೂ ಖಂಡಿಸಿದೆ. ಇಷ್ಟೆಲ್ಲಾ ಆ ಹುಡುಗನಿಗೆ ಹೇಳೋಕೆ ಹೋದೆ, ಮೇಡಂ ಹಾಗಾದ್ರೆ ಡಿಸ್ಕೌಂಟ್ ಕೊಡ್ತೀನಿ ಅಂದ.

ಸರಿ, ಹಾಗಾದ್ರೆ ಏನ್ ಮಾಡೋದು? ನನ್ನ ಪ್ರಕಾರ ಉಳಿಯೋದು ಒಂದೇ ದಾರಿ, ನನ್ ಬಗ್ಗೆ ಬಾಯಿ ಮುಚ್ಕೊಂಡು ಕಾನೂನಿನ ಬಗ್ಗೆ ಬಾಯಿ ಬಿಡೋದು. ಕನ್ನಡದಲ್ಲಿ, ನಮ್ ಕಡೆ ಜನ ಕೇಳೋ ಭಾಷೇಲಿ.

ಹೋದ್ವಾರ ಇನ್‌ಸ್ಟಾದಲ್ಲಿ ಹಾಕಿದ ಸ್ಲೈಡ್‌ಗಳು ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಬಗ್ಗೆ. ಇದು ಕೇಳೋಕೆ ಸುಲಭ, ಬರೆಯೋಕೆ ಕೂತ್ರೆ ಜಾರತ್ತೆ. 2005 ಸೆಪ್ಟೆಂಬರ್ 9ರಿಂದ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಅಂತ ಎಲ್ರೂ ಹಾಕ್ತಾರೆ, ಆದ್ರೆ ನಮ್ ರಾಜ್ಯದಲ್ಲಿ ಅದಕ್ಕೂ ಮುಂಚೆ, 1994 ಜುಲೈ 30ರಿಂದಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದಿತ್ತು, ಆ ತಾರೀಖಿಗೆ ಮುಂಚೆ ಮದ್ವೆ ಆಗಿದ್ದೋರಿಗೆ ಮಾತ್ರ ಅದ್ರಲ್ಲಿ ಹಕ್ಕು ಇರ್ಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಮದ್ವೆ ಕಟ್ಟು ತೆಗೆದುಹಾಕ್ತು. ಆಮೇಲೆ ತಂದೆ 2005ಕ್ಕೆ ಮುಂಚೆನೇ ತೀರ್ಕೊಂಡಿದ್ರೆ ಏನು ಅಂತ ವರ್ಷಗಟ್ಲೆ ಗೊಂದಲ, 2020 ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು ತಂದೆ ಬದುಕಿರ್ಲೇಬೇಕು ಅಂತೇನಿಲ್ಲ ಅಂತು. 2004 ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ಡ್ ವಿಭಾಗ ಪತ್ರ ಆಗಿದ್ರೆ, ಇಲ್ಲಾ ಕೋರ್ಟ್ ಡಿಕ್ರಿ ಆಗಿದ್ರೆ ಅದನ್ನ ಅಲ್ಲಾಡಿಸೋಕಾಗಲ್ಲ. ಅಪ್ಪನ ಸ್ವಯಾರ್ಜಿತ ಆಗಿದ್ರೆ ಕಥೆನೇ ಬೇರೆ, ವಿಲ್ ಬರೆದು ಯಾರಿಗ್ ಬೇಕಾದ್ರೂ ಕೊಡಬಹುದು. ಇಷ್ಟನ್ನ ಒಂದೊಂದು ಸ್ಲೈಡಲ್ಲಿ ನಾಲ್ಕು ಸಾಲಿಗೆ ಇಳಿಸೋಕೆ ಪಟ್ಟ ಪಾಡು ಪ್ಲೇಂಟ್, ಅಂದ್ರೆ ದಾವಾ ಅರ್ಜಿ, ಬರೆಯೋಕೂ ಪಟ್ಟಿಲ್ಲ, ಅದ್ರ ಮೇಲೆ ಆ ಆ್ಯಪಲ್ಲಿ ಫಾಂಟ್ ಬದಲಾಯಿಸಿದ್ರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ.

ಹಾಕೋ ಮುಂಚೆ ನಮ್ ಸೀನಿಯರ್ ಸರ್‌ಗೆ ತೋರಿಸಿದ್ದೆ. ಅವ್ರಿಗೆ ಇನ್‌ಸ್ಟಾಗ್ರಾಂ ಅಂದ್ರೆ ಅಷ್ಟಕ್ಕಷ್ಟೇ, ಕನ್ನಡಕ ಏರಿಸ್ಕೊಂಡು ಪೂರ್ತಿ ಓದಿ, ನೋಡಮ್ಮಾ, ಡಿಸೆಂಬರ್ 20ರ ಸಾಲು ಕೊನೆಗಿಟ್ಟಿದ್ದೀಯ, ಅಲ್ಲಿವರ್ಗೂ ಯಾರ್ ಓದ್ತಾರೆ, ಅರ್ಧ ಓದಿ ಅಣ್ಣನ ಮೇಲೆ ಜಗಳಕ್ಕೆ ಹೋಗ್ತಾರೆ, ಅದನ್ನ ಎರಡನೇದಕ್ಕೆ ತಾ ಅಂದ್ರು. ಹಾಗೇ ಮಾಡ್ದೆ. ಸೋಷಿಯಲ್ ಮೀಡಿಯಾ ಬಗ್ಗೆ ನಂಗೆ ಸಿಕ್ಕಿರೋ ಸಲಹೆಗಳಲ್ಲಿ ಇದೇ ಬೆಸ್ಟು, ಕೊಟ್ಟೋರು ವಾಟ್ಸ್ಆ್ಯಪ್ಪಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಕಳಿಸದೋರು.

ಕಾಮೆಂಟಲ್ಲಿ ಬಂದಿದ್ದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಅರಿಶಿನ ಕುಂಕುಮಕ್ಕೆ ಅಂತ ಸ್ವಲ್ಪ ದುಡ್ಡು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡ್ರು ಮೇಡಂ, ಏನ್ ಪೇಪರ್ ಅಂತ ಹೇಳ್ಲಿಲ್ಲ ಅಂತ ಒಬ್ರು. ಕೇಳಿದ್ರೆ ತವರು ಮನೆ ಬಾಗ್ಲು ಮುಚ್ಚುತ್ತೆ ಅಂತ ಇನ್ನೊಬ್ರು. ಆಮೇಲೆ ಸಾಲಾಗಿ, ಮೇಡಂ ನಿಮ್ ನಂಬರ್ ಕೊಡಿ, ಫೀಸ್ ಎಷ್ಟು. ಅಲ್ಲೇ ಬಂದಿದ್ದು ಇಕ್ಕಟ್ಟು. ಕೇಳಿದೋರಿಗೆ ನಂಬರ್ ಕೊಡೋದು ತಪ್ಪು ಅಂತ ನಾನು ಅನ್ಕೊಳ್ಳಲ್ಲ, ಆದ್ರೆ ಎಲ್ರ ಮುಂದೆ ಕಾಮೆಂಟಲ್ಲಿ ನಂಬರೂ ಫೀಸೂ ಹಾಕಿದ್ರೆ ನಾಳೆ ಯಾರೋ ಸ್ಕ್ರೀನ್‌ಶಾಟ್ ತೆಗೆದು ಬಾರ್ ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಡೋಕೆ ಎಷ್ಟೊತ್ತು. ಈಗ ಎಲ್ರಿಗೂ ಒಂದೇ ಉತ್ತರ ಅಂಟಿಸ್ತೀನಿ, ನಿಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತವಾಗಿ ವಕೀಲರನ್ನ ಕೊಡ್ತಾರೆ, ಸಹಾಯವಾಣಿ 15100. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇರೋದು ಇದು, ಆದ್ರೂ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಇಷ್ಟು ಆದ್ಮೇಲೂ ನನ್ನೇ ಹುಡ್ಕೊಂಡು ಬರೋರು ಹೆಸರು ನೋಡಿ, ವಿಳಾಸ ವಿಚಾರಿಸ್ಕೊಂಡು ಬರ್ತಾರೆ.

ನಿಜ ಹೇಳ್ಬೇಕಂದ್ರೆ ಇನ್‌ಸ್ಟಾದಿಂದ ಕೇಸ್ ಬರೋದು ಕಡಿಮೆ, ಪ್ರಶ್ನೆ ಬರೋದು ಜಾಸ್ತಿ. ಕೆಲ್ಸ ಬರೋದು ಬೇರೆ ವಕೀಲರಿಂದ. ಬೆಂಗಳೂರಿನೋರಿಗೆ ತುಮಕೂರಲ್ಲಿ ಒಂದು ಡೇಟಿಗೆ ಹಾಜರಾಗೋಕೆ, ಸರ್ಟಿಫೈಡ್ ಕಾಪಿ ತೆಗೆಸೋಕೆ, ಇಲ್ಲಾ ಇಲ್ಲಿನ ಆಸ್ತಿ ಪಾಲಿನ ದಾವೆಲಿ ಪಾಟೀಸವಾಲು ಮಾಡೋಕೆ ಯಾರಾದ್ರೂ ಬೇಕು, ಅವ್ರು ಹುಡ್ಕೋದು ಲಿಂಕ್ಡ್‌ಇನ್ನಲ್ಲಿ. ಅವ್ರಿಗೆ ಸ್ಲೋ ಮೋಷನ್ ಬೇಡ, ಈ ಹುಡುಗಿಗೆ ಸೆಕ್ಷನ್ ಗೊತ್ತಾ, ಹೇಳಿದ ದಿನ ಬರ್ತಾಳಾ ಅಷ್ಟೇ. ಹಾಗಾಗಿ ಅಲ್ಲಿ ವಾರಕ್ಕೊಂದು ತೀರ್ಪಿನ ಟಿಪ್ಪಣಿ ಹಾಕೋದು, ನಾನು ನಡೆಸ್ತಿರೋ ಕೇಸ್ ಮಾತ್ರ ಯಾವತ್ತೂ ಮುಟ್ಟಲ್ಲ, ಪಾರ್ಟಿ ಹೆಸ್ರು ಬಿಟ್ಟು ಬರೆದ್ರೂ ಊರಲ್ಲಿ ಗೊತ್ತಾಗೇ ಗೊತ್ತಾಗುತ್ತೆ.

36ನೇ ರೂಲ್ ಹಳೇದು, ಬದಲಾಗ್ಬೇಕು, ಇದ್ರಲ್ಲಿ ನಂಗೆ ಅನುಮಾನ ಇಲ್ಲ. ದೊಡ್ಡ ಫರ್ಮುಗಳು ಅವಾರ್ಡು ರ‍್ಯಾಂಕಿಂಗು ಅಂತ ಹೇಗೋ ಹೆಸ್ರು ಮಾಡ್ಕೊಳ್ತವೆ, ಮನೆತನದಲ್ಲಿ ಯಾರೂ ವಕೀಲರಿಲ್ಲದ ನಮ್ಮಂಥೋರಿಗೇ ಅದು ಬಿಗಿ. ಆದ್ರೆ ಕೇಸ್ ಸಂಬಂಧ ಫೋಟೋ ಬೇಡ ಅನ್ನೋ ಭಾಗ ಮಾತ್ರ ಇರ್ಲಿ. ಡೈವೋರ್ಸ್ ಆಯ್ತು ಅಂತ ಕ್ಲೈಂಟ್ ಜೊತೆ ನಗ್ತಾ ನಿಂತ್ಕೊಂಡು ಸೆಲ್ಫಿ ಹಾಕೋ ಊರು ನಂಗೆ ಬೇಡ.

ಮುಂದಿನ ಪೋಸ್ಟ್ ಚೆಕ್ ಬೌನ್ಸು. ಚೆಕ್ ವಾಪಸ್ ಆಯ್ತು ಅಂತ ಬ್ಯಾಂಕಿಂದ ಮೆಮೊ ಬಂದು 30 ದಿನದೊಳಗೆ ಚೆಕ್ ಕೊಟ್ಟೋನಿಗೆ ನೋಟಿಸು, ನೋಟಿಸ್ ಮುಟ್ಟಿದ್ಮೇಲೆ ದುಡ್ಡು ಕೊಡೋಕೆ 15 ದಿನ, ಅದೂ ಕಳೆದ್ರೆ ಒಂದು ತಿಂಗಳೊಳಗೆ ದೂರು. ಜನ ತಪ್ಪೋದು ಮೊದಲನೇದ್ರಲ್ಲೇ, ಕೊಡ್ತೀನಿ ಕೊಡ್ತೀನಿ ಅಂತ ಆ ಕಡೆಯೋನು ಫೋನಲ್ಲೇ 30 ದಿನ ತಳ್ಳಿಬಿಡ್ತಾನೆ. ಸರ್ ಹೇಳಿದ ಲೆಕ್ಕದಲ್ಲಿ ಆ 30ನ್ನೇ ಮೊದಲ ಸ್ಲೈಡಿಗೆ ಹಾಕ್ಬೇಕು, ದೊಡ್ಡಕ್ಷರದಲ್ಲಿ.