ಯಾಕೋಬಿ ಚರ್ಚಿನ ಆರ್ಗನ್ ಯಾರದು?

ಹಳೆಯ ಪೈಪ್ ಆರ್ಗನ್‌ಗಳ ವಿಷಯ ಎತ್ತಿದಾಗಲೆಲ್ಲ ಕೇಳಿದವರು ನನ್ನೆದುರು ಒಂದೇ ಪ್ರಶ್ನೆಯನ್ನು ಇಡುತ್ತಾರೆ. ಜರ್ಮನಿಯ ಹ್ಯಾಂಬರ್ಗ್ ನಗರದ ಸಂತ ಯಾಕೋಬಿ ಚರ್ಚಿನ ಆರ್ಗನ್‌ನ ಮುಂಭಾಗದ ತವರದ ಕೊಳವೆಗಳನ್ನು 1917ರಲ್ಲಿ ಯುದ್ಧದ ಅಗತ್ಯಕ್ಕಾಗಿ ಕಿತ್ತು ಕರಗಿಸಲಾಯಿತು, ಅದರ ಮರದ ಕವಚ 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಹೀಗಿರುವಾಗ ಅದನ್ನು 1719ರಲ್ಲಿ ತೀರಿಕೊಂಡ, ಆರ್ಗನ್ ಕಟ್ಟುವ ಕುಶಲಕರ್ಮಿ ಆರ್ಪ್ ಶ್ನಿಟ್ಗರ್‌ನ ಕೃತಿ ಎನ್ನುವುದು ಹೇಗೆ? ಅದು ಆತನದೇ ಕೃತಿ ಎಂದು ನಾನು ಖಚಿತವಾಗಿ ನಂಬುತ್ತೇನೆ, ಮತ್ತು ಆ ನಂಬಿಕೆಗೆ ಕಾರಣ ಆತ ಕೆಲಸ ಮಾಡಿದ ರೀತಿಯಲ್ಲಿಯೇ ಇದೆ.

ಶ್ನಿಟ್ಗರ್ 1648ರಲ್ಲಿ ವೇಸರ್ ನದಿಯ ಸೀಮೆಯಲ್ಲಿ ಬಡಗಿಯ ಮಗನಾಗಿ ಹುಟ್ಟಿದ. 1666ರಲ್ಲಿ ತನ್ನ ಬಂಧು ಬೆರೆಂಟ್ ಹುಸ್‌ನ ಬಳಿ ಆರ್ಗನ್ ಕಟ್ಟುವುದನ್ನು ಕಲಿಯಲು ಸೇರಿ, 1676ರಲ್ಲಿ ಹುಸ್ ತೀರಿಕೊಂಡ ಮೇಲೆ ಅವನು ಅರ್ಧಕ್ಕೆ ಬಿಟ್ಟಿದ್ದ ಕೆಲಸಗಳನ್ನು ತಾನೇ ಮುಗಿಸಿಕೊಟ್ಟ. 1682ರಿಂದ 1687ರವರೆಗೆ ಹ್ಯಾಂಬರ್ಗಿನ ಸಂತ ನಿಕೊಲಾಯ್ ಚರ್ಚಿಗೆ ಆತ ಕಟ್ಟಿದ 67 ಸ್ಟಾಪ್‌ಗಳ (ಅಂದರೆ ಒಂದೊಂದು ಬಗೆಯ ದನಿ ಕೊಡುವ ಕೊಳವೆಸಾಲುಗಳ) ಮಹಾವಾದ್ಯ 1842ರ ಬೆಂಕಿಯಲ್ಲಿ ನಾಶವಾಯಿತು.

ನಮಗೆ ಹಾರ್ಮೋನಿಯಂ ಪರಿಚಿತವಾದ್ದರಿಂದ ಆರ್ಗನ್ ಎಂದರೆ ಅದರದೇ ದೊಡ್ಡ ರೂಪ ಎಂದು ಭಾವಿಸುವವರು ಬಹಳ. ಎರಡಕ್ಕೂ ತಿದಿಯ ಗಾಳಿ ಬೇಕೆಂಬುದು ನಿಜ. ಆದರೆ ಹಾರ್ಮೋನಿಯಂನಲ್ಲಿ ಹಿತ್ತಾಳೆಯ ರೀಡು ಅದುರಿ ಸ್ವರ ಹುಟ್ಟಿದರೆ, ಆರ್ಗನ್‌ನ ಬಹುಪಾಲು ಕೊಳವೆಗಳಲ್ಲಿ ಕೊಳಲಿನಲ್ಲಿ ಆಗುವ ಹಾಗೆಯೇ ಗಾಳಿಯ ತೆಳುವಾದ ಹರಿವು ಒಂದು ಅಂಚಿಗೆ ತಾಗಿ ಸ್ವರ ಏಳುತ್ತದೆ. ಈ ಕಸುಬಿನವರು ಕೊಳವೆಗೆ ಕಾಲು, ಮೈ, ಬಾಯಿ, ತುಟಿ ಇವೆಯೆಂದೇ ಮಾತನಾಡುತ್ತಾರೆ. ಸೀಸ ಮತ್ತು ತವರ ಬೆರೆಸಿ ಎರಕ ಹೊಯ್ದ ತಗಡನ್ನು ಸುತ್ತಿ ಬೆಸೆದಷ್ಟಕ್ಕೆ ಕೊಳವೆ ನುಡಿಯುವುದಿಲ್ಲ. ಮೇಲ್ದುಟಿಯನ್ನು ಎಷ್ಟು ಎತ್ತರಕ್ಕೆ ಕೊಯ್ಯಬೇಕು, ಕಾಲಿನ ತೂತು ಎಷ್ಟು ಅಗಲವಿರಬೇಕು ಎಂಬುದನ್ನು ಕಿವಿಗೊಟ್ಟು ಕೇಳುತ್ತ, ಒಂದೊಂದು ಕೊಳವೆಯನ್ನೂ ಅದು ನಿಲ್ಲಬೇಕಾದ ಕಟ್ಟಡಕ್ಕೆ ಹೊಂದುವಂತೆ ತಿದ್ದಬೇಕು. ಅಳತೆಗೋಲಿಗೆ ಸಿಕ್ಕದಷ್ಟು ಸಣ್ಣ ವ್ಯತ್ಯಾಸವೂ ಸ್ವರದ ಬಣ್ಣವನ್ನು ಬದಲಿಸುತ್ತದೆ. ಇಡೀ ಕಸುಬಿನಲ್ಲಿ ನನ್ನನ್ನು ಅತ್ಯಂತ ಸೆಳೆಯುವುದು ಈ ತಾಳ್ಮೆಯ ಕೆಲಸವೇ.

1689ರಿಂದ 1693ರವರೆಗೆ ಯಾಕೋಬಿ ಚರ್ಚಿನಲ್ಲಿ ಶ್ನಿಟ್ಗರ್ ಮಾಡಿದ್ದು ಇದನ್ನೇ. ನಾಲ್ಕು ಕೀಲಿಮಣೆ, ಪಾದದಿಂದ ನುಡಿಸುವ ಪೆಡಲ್ ಸಾಲು, 60 ಸ್ಟಾಪ್, ಸುಮಾರು 4000 ಕೊಳವೆ. ಆದರೆ ಈ ಕೊಳವೆಗಳೆಲ್ಲ ಆತನ ಕಾರ್ಖಾನೆಯಲ್ಲಿ ಹುಟ್ಟಿದವಲ್ಲ. ಆತನಿಗಿಂತ ಹಿಂದೆ ಅದೇ ಚರ್ಚಿನ ಆರ್ಗನ್‌ನಲ್ಲಿ ಕೈಯಾಡಿಸಿದ್ದ ಶೆರರ್ ಮನೆತನದವರ ಹಾಗೂ ಗಾಟ್‌ಫ್ರೀಡ್ ಫ್ರಿಟ್ಷೆಯ ಕೊಳವೆಗಳಲ್ಲಿ ಒಳ್ಳೆಯವನ್ನು ಆತ ಎಸೆಯದೆ ಉಳಿಸಿಕೊಂಡು, ಅವುಗಳ ಪಕ್ಕಕ್ಕೆ ತನ್ನವನ್ನು ನಿಲ್ಲಿಸಿ, ಹಳತು ಹೊಸತೆಲ್ಲ ಒಂದೇ ವಾದ್ಯವಾಗಿ ನುಡಿಯುವಂತೆ ಮಾಡಿದ. ಹಣ ಉಳಿಯುತ್ತದೆಂಬ ಲೆಕ್ಕವೂ ಇದರ ಹಿಂದೆ ಇದ್ದಿರಬಹುದು. ಆದರೂ ನೂರು ವರ್ಷದ ಹಿಂದಿನ ಪರರ ಕೊಳವೆಯ ದನಿಯನ್ನು ಗುರುತಿಸಿ ಗೌರವಿಸಲು ದೊಡ್ಡ ಕಿವಿ ಬೇಕು. ಹೀಗೆ ಈ ವಾದ್ಯ ಮೊದಲ ದಿನದಿಂದಲೂ ಹಲವರ ಕೈಕೆಲಸವೇ ಆಗಿತ್ತು. ಅದರಲ್ಲಿ ಶ್ನಿಟ್ಗರ್‌ನದು ಎನ್ನಬೇಕಾದದ್ದು ಆ ಜೋಡಣೆ ಮತ್ತು ಅದರಿಂದ ಬಂದ ದನಿ.

ಆ ದನಿಯ ಬಹುಭಾಗ ಉಳಿದಿದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ಬೀಳುವ ಮೊದಲೇ ಕೊಳವೆಗಳನ್ನೂ, ಅವು ನಿಲ್ಲುವ ಗಾಳಿಪೆಟ್ಟಿಗೆಗಳನ್ನೂ ಬಿಚ್ಚಿ ಸುರಕ್ಷಿತ ಜಾಗಕ್ಕೆ ಸಾಗಿಸಲಾಗಿತ್ತು. ಯುರ್ಗೆನ್ ಆರೆಂಡ್ ಎಂಬ ಆರ್ಗನ್ ಕಟ್ಟುವವರು ಅವನ್ನೇ ಆಧಾರವಾಗಿಟ್ಟುಕೊಂಡು, ಕರಗಿಹೋಗಿದ್ದ ಮುಂಭಾಗದ ಕೊಳವೆಗಳನ್ನು ಹೊಸದಾಗಿ ಮಾಡಿ, 1993ರಲ್ಲಿ, ಅಂದರೆ ವಾದ್ಯ ಪೂರ್ಣಗೊಂಡು ಸರಿಯಾಗಿ 300 ವರ್ಷವಾದಾಗ, ಪುನರುದ್ಧಾರವನ್ನು ಮುಗಿಸಿದರು. ಶೆರರ್‌ನ ಕೊಳವೆಗಳ ಪಕ್ಕದಲ್ಲಿ ನಿಂತು ಶ್ನಿಟ್ಗರ್ ಮಾಡಿದ್ದ ಕೆಲಸವನ್ನೇ ಅವರು ಶ್ನಿಟ್ಗರ್‌ನ ಕೊಳವೆಗಳ ಪಕ್ಕದಲ್ಲಿ ನಿಂತು ಮಾಡಿದರು.

ಇಷ್ಟಾದರೂ ಅನುಮಾನ ಉಳಿದವರಿಗೆ ನಾನು ಕಾಪೆಲ್ ಎಂಬ ಹಳ್ಳಿಯ ಹೆಸರು ಹೇಳುತ್ತೇನೆ. 1680ರಲ್ಲಿ ಹ್ಯಾಂಬರ್ಗಿನ ಬೇರೊಂದು ಚರ್ಚಿಗೆ ಶ್ನಿಟ್ಗರ್ ಕಟ್ಟಿದ್ದ ಆರ್ಗನ್ 1816ರಲ್ಲಿ ಮಾರಾಟವಾಗಿ ಆ ಹಳ್ಳಿ ಸೇರಿತು, ಮತ್ತು ಯುದ್ಧಗಳನ್ನು ದಾಟಿ ಇಂದಿಗೂ ಅಲ್ಲೇ ನುಡಿಯುತ್ತಿದೆ. ಅದರೊಳಗೂ ಶ್ನಿಟ್ಗರ್‌ಗಿಂತ ಹಿಂದಿನವರ ಕೊಳವೆಗಳಿವೆ.