ಬೂದುಬಣ್ಣದ ತಟ್ಟೆ ಇಡ್ಲಿ

ಕ್ಯಾತ್ಸಂದ್ರದ ಒಂದು ಚಿಕ್ಕ ಹೋಟೆಲಿನಲ್ಲಿ ತೆಗೆದ ತಟ್ಟೆ ಇಡ್ಲಿಯ ಚಿತ್ರವು ನನ್ನ ದಿನಕ್ಕೊಂದು ಚಿತ್ರದ ವ್ರತದಲ್ಲಿ ಒಂಬತ್ತನೆಯದು. ಇಡ್ಲಿಯಿಂದ ಹಬೆ ಏಳುತ್ತಿತ್ತು, ಅದರ ಮೇಲಿನ ಬೆಣ್ಣೆ ಇನ್ನೂ ಪೂರ್ತಿ ಕರಗಿರಲಿಲ್ಲ, ಬಾಗಿಲಿನಿಂದ ಬಂದ ಬೆಳಗಿನ ಬೆಳಕು ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಆದರೆ ಕ್ಯಾಮೆರಾದ ಪರದೆಯಲ್ಲಿ ಮೂಡಿದ ಇಡ್ಲಿ ಮಾತ್ರ ಬೂದಿ ಬಳಿದುಕೊಂಡಂತೆ ಕಾಣಿಸಿತು. ಕಾಫಿ ತಂದಿಟ್ಟ ಹುಡುಗ ಬಗ್ಗಿ ನೋಡಿ, “ಏನಕ್ಕಾ, ನಮ್ಮಿಡ್ಲಿ ಇಷ್ಟು ಕಪ್ಪಗೈತಾ?” ಎಂದು ಕೇಳಿದ. ಅವನ ಮುಖದಲ್ಲಿ ನಗುವಿಗಿಂತ ಬೇಸರವೇ ಹೆಚ್ಚಾಗಿತ್ತು.

ನಾನು ಗುಬ್ಬಿಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಮನೆ ತುಮಕೂರಿನಲ್ಲಿದೆ. ತಮ್ಮ ಹೊಸ ಕ್ಯಾಮೆರಾ ಕೊಂಡಾಗ ತನ್ನ ಹಳೆಯ ನಿಕಾನ್ ಡಿ5300 ಅನ್ನು 18ರಿಂದ 55 ಮಿಲಿಮೀಟರಿನ ಲೆನ್ಸಿನ ಸಮೇತ ನನಗೆ ಕೊಟ್ಟುಬಿಟ್ಟ. ಕಳೆದ ಯುಗಾದಿಯ ದಿನ, ಬೇವು ಬೆಲ್ಲದ ಬಟ್ಟಲಿನಿಂದ ಆರಂಭಿಸಿ, ದಿನವೂ ಒಂದು ಚಿತ್ರವನ್ನು ತೆಗೆಯಬೇಕು, ರಾತ್ರಿ ಮಲಗುವ ಮುನ್ನ ಆ ದಿನದ ಒಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಅಳಿಸಬೇಕು, ಮತ್ತು ಎಂಥ ಸಂದರ್ಭದಲ್ಲಿಯೂ ಗುಂಡಿಯನ್ನು ಆಟೋ ಎಂದು ಬರೆದಿರುವ ಕಡೆಗೆ ತಿರುಗಿಸಬಾರದು ಎಂದು ನಿಯಮ ಮಾಡಿಕೊಂಡೆ. ಈ ವರ್ಷದ ಯುಗಾದಿಗೆ ವ್ರತ ಪೂರ್ತಿಯಾಯಿತೆಂದು ನಾನು ಹೇಳಿದಾಗ, ಚಾಂದ್ರಮಾನದ ಲೆಕ್ಕದಲ್ಲಿ 354 ದಿನಗಳಷ್ಟೇ ಆಗುತ್ತವೆ, ಇನ್ನೂ 11 ಬಾಕಿ ಉಂಟು ಎಂದು ಮಗಳು ತಕರಾರು ತೆಗೆದಳು. ಗಣಿತದ ಮೇಷ್ಟ್ರ ಮನೆಯಲ್ಲಿ ಇಂಥದ್ದು ನಡೆಯುತ್ತದೆ.

ಇಡ್ಲಿಯ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಈ ವರ್ಷ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ತಟ್ಟೆಯಿಂದಲೇ ಬಂದದ್ದು. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ತನ್ನೆದುರು ಇರುವುದು ಇಡ್ಲಿಯೋ ಇದ್ದಿಲೋ ತಿಳಿಯದು. ವಸ್ತುವಿನಿಂದ ಮರಳಿ ಬರುವ ಬೆಳಕನ್ನಷ್ಟೇ ಅಳೆಯುವ ಅದು, ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದು, ಅಂದರೆ ಹಳೆಯ ರೂಢಿಯ ಪ್ರಕಾರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 18ರ ಆಸುಪಾಸು ಮರಳಿಸುವಂಥದ್ದು ಎಂದು ನಂಬಿಕೊಂಡು ಲೆಕ್ಕ ಹಾಕುತ್ತದೆ. ಈಗಿನ ಕ್ಯಾಮೆರಾಗಳು ದೃಶ್ಯವನ್ನು ಹಲವು ತುಂಡುಗಳಾಗಿ ಒಡೆದು ಅಳೆದು ಒಂದಿಷ್ಟು ಜಾಣತನ ತೋರುತ್ತವಾದರೂ, ಚೌಕಟ್ಟಿನ ತುಂಬ ಬೆಳ್ಳಗಿನ ಇಡ್ಲಿಯೇ ಇದ್ದರೆ ಅವು ಬೆಳಕು ವಿಪರೀತವಾಯಿತೆಂದು ಹೆದರಿ ಅದನ್ನು ಕಡಿಮೆ ಮಾಡಿ, ಬಿಳಿಯನ್ನು ಬೂದಿಯ ಮಟ್ಟಕ್ಕೆ ಇಳಿಸುತ್ತವೆ. ಪ್ಲಸ್ ಮತ್ತು ಮೈನಸ್ ಗುರುತಿರುವ ಸಣ್ಣ ಗುಂಡಿಯನ್ನು ಒತ್ತಿಕೊಂಡು ಒಂದೂವರೆ ಸ್ಟಾಪಿನಷ್ಟು ಪ್ಲಸ್ ಕಡೆಗೆ ಸರಿಸಿದರೆ ಇಡ್ಲಿ ಇಡ್ಲಿಯಾಗುತ್ತದೆ. ಒಂದು ಸ್ಟಾಪ್ ಎಂದರೆ ಬೆಳಕನ್ನು ಇಮ್ಮಡಿಯೋ ಅರ್ಧವೋ ಮಾಡುವ ಒಂದು ಹೆಜ್ಜೆ. ಬಿಳಿಗೆ ಬೆಳಕು ಕೂಡಿಸಬೇಕು, ಕಪ್ಪಿನಿಂದ ಕಳೆಯಬೇಕು ಎಂಬುದು ಮೊದಮೊದಲು ತಿರುವುಮುರುವಾಗಿ ಕಾಣುತ್ತದೆ. ಅಮಾನಿಕೆರೆಯ ಬದಿಯಲ್ಲಿ ಕಂಡ ಎಮ್ಮೆಯೊಂದನ್ನು ತೆಗೆಯುವಾಗ ನಾನೂ ಎಡವಿ, ಎಮ್ಮೆ ಕಪ್ಪಾಗಿದೆಯೆಂದು ಬೆಳಕು ಹೆಚ್ಚಿಸಿ, ಅದನ್ನು ಮಾಸಲು ಕಂಬಳಿಯಂತೆ ಮಾಡಿಬಿಟ್ಟೆ. ಮರುದಿನ ಅದೇ ಎಮ್ಮೆಯನ್ನು ಹುಡುಕಿಕೊಂಡು ಹೋಗಿ ಒಂದು ಸ್ಟಾಪ್ ಕಡಿಮೆ ಮಾಡಿ ತೆಗೆದಾಗಲೇ ಅದರ ಒದ್ದೆ ಚರ್ಮದ ಹೊಳಪು ಚಿತ್ರದೊಳಗೆ ಬಂದದ್ದು.

ಸ್ಟಾಪ್ ಎಂಬ ಈ ಅಳತೆ ನನ್ನ ಪಾಠದ ಕೊಠಡಿಗೂ ಬಂದಿತು. ಲೆನ್ಸಿನ ಮೇಲೆ 1.4, 2, 2.8, 4, 5.6, 8, 11, 16 ಎಂಬ ವಿಚಿತ್ರವಾದ ಸಾಲು ಇರುತ್ತದೆ, ಮತ್ತು ಸಂಖ್ಯೆ ದೊಡ್ಡದಾದಷ್ಟೂ ಬೆಳಕಿನ ಕಿಂಡಿ ಚಿಕ್ಕದಾಗುತ್ತದೆ ಎಂಬುದು ಹೊಸಬರನ್ನು ಇನ್ನಷ್ಟು ಗೊಂದಲಕ್ಕೆ ತಳ್ಳುತ್ತದೆ. ಕಾರಣ ಸರಳವಾಗಿದೆ: ಆ ಸಂಖ್ಯೆಯು ಲೆನ್ಸಿನ ಸಂಗಮದೂರವನ್ನು, ಅಂದರೆ ಲೆನ್ಸಿನ ಹೆಸರಿನ ಜೊತೆಗೆ ಹೇಳುವ ಮಿಲಿಮೀಟರುಗಳನ್ನು, ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಭಾಗಲಬ್ಧ. 50 ಮಿಲಿಮೀಟರಿನ ಲೆನ್ಸಿನಲ್ಲಿ ಸಂಖ್ಯೆ 2 ಆದಾಗ ಕಿಂಡಿಯ ವ್ಯಾಸ 25 ಮಿಲಿಮೀಟರ್, 4 ಆದಾಗ 12.5. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲುಭಾಗವಾಗುತ್ತದೆ, ಆದ್ದರಿಂದ ಬೆಳಕನ್ನು ಸರಿಯಾಗಿ ಅರ್ಧಕ್ಕಿಳಿಸಬೇಕಾದರೆ ವ್ಯಾಸವನ್ನು 2ರ ವರ್ಗಮೂಲದಿಂದ ಭಾಗಿಸಬೇಕು. ಸಾಲಿನ ಪ್ರತಿಯೊಂದು ಸಂಖ್ಯೆಯೂ ಹಿಂದಿನದರ ಸುಮಾರು 1.414 ಪಟ್ಟು ಇರುವುದು ಇದಕ್ಕಾಗಿ. ಒಂಬತ್ತನೆಯ ತರಗತಿಯಲ್ಲಿ ಅಭಾಗಲಬ್ಧ ಸಂಖ್ಯೆಗಳ ಪಾಠದ ದಿನ ಹಳೆಯದೊಂದು ಲೆನ್ಸನ್ನು ಮೇಜಿನ ಮೇಲಿಟ್ಟು ಇದನ್ನು ವಿವರಿಸಿದಾಗ, ವರ್ಗಮೂಲದಿಂದ ಯಾರಿಗೆ ಏನು ಉಪಯೋಗ ಎಂದು ಪ್ರತಿವರ್ಷವೂ ತಪ್ಪದೆ ಬರುವ ಪ್ರಶ್ನೆ ಆ ವರ್ಷ ಬರಲಿಲ್ಲ. ಆ ದಿನದ ಚಿತ್ರ ಕಿಂಡಿಯೊಳಗೆ ಒಂದೇ ಕಣ್ಣಿನಿಂದ ಇಣುಕುತ್ತಿರುವ ಹುಡುಗಿಯದು. ಅವಳ ತಾಯಿಯನ್ನು ಕೇಳಿಯೇ ಉಳಿಸಿಕೊಂಡಿದ್ದೇನೆ, ಎಲ್ಲಿಯೂ ಹಾಕುವುದಿಲ್ಲ.

ಛಾಯಾಗ್ರಹಣ ಕಲಿಸುವವರೆಲ್ಲರೂ ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತದ ಮುಂಚಿನ ಹೊನ್ನಿನ ಗಳಿಗೆಯ ಬಗ್ಗೆ ಹೇಳುತ್ತಾರೆ. ಒಂದು ಗಂಟೆ ಸಿಗುತ್ತದೆಂದು ನಂಬಿ ನಾನು ಶಾಲೆ ಮುಗಿಸಿ ನಿಧಾನವಾಗಿ ಅಮಾನಿಕೆರೆಗೆ ಹೋಗುತ್ತಿದ್ದೆ, ಮತ್ತು ಪ್ರತಿಸಲವೂ ಬೆಳಕು ನನಗಿಂತ ಮೊದಲೇ ಮನೆಗೆ ಹೊರಟಿರುತ್ತಿತ್ತು. ತಪ್ಪು ನನ್ನ ನಡಿಗೆಯದೆಂದು ಬಹಳ ದಿನ ಅಂದುಕೊಂಡಿದ್ದವಳು ಕೊನೆಗೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ತುಮಕೂರು ಸಮಭಾಜಕ ವೃತ್ತದಿಂದ 13 ಡಿಗ್ರಿ ಚಿಲ್ಲರೆ ಉತ್ತರಕ್ಕಿದೆ; ಇಲ್ಲಿ ಸೂರ್ಯ ಹೆಚ್ಚುಕಡಿಮೆ ಲಂಬವಾಗಿ ಏರಿ ಲಂಬವಾಗಿ ಇಳಿಯುತ್ತಾನೆ. ಹಗಲು ರಾತ್ರಿ ಸಮವಾಗಿರುವ ಕಾಲದಲ್ಲಿ, ದಿಗಂತದಿಂದ 6 ಡಿಗ್ರಿ ಎತ್ತರದಲ್ಲಿರುವ, ಅಂದರೆ ಹೊನ್ನಿನ ಬೆಳಕು ಸುಮಾರಾಗಿ ಶುರುವಾಗುವ ಎತ್ತರದಲ್ಲಿರುವ, ಸೂರ್ಯ ಮುಳುಗಲು ನಮ್ಮೂರಿನಲ್ಲಿ 25 ನಿಮಿಷ ಸಾಕು. ಲಂಡನ್ನಿನಲ್ಲಿ ಓರೆಯಾಗಿ ಜಾರುವ ಅದೇ ಸೂರ್ಯನಿಗೆ ಸುಮಾರು 40 ನಿಮಿಷ ಬೇಕು. ದೂರದ ದೇಶದವರು ತಮ್ಮ ಆಕಾಶ ನೋಡಿ ಹೇಳಿದ ಮಾತನ್ನು ನಮ್ಮ ಕೆರೆಯ ದಂಡೆಯಲ್ಲಿ ನಿಂತು ಪಾಲಿಸುವುದರಲ್ಲಿ ಅರ್ಥವಿಲ್ಲವೆಂದು ಅಂದೇ ತೀರ್ಮಾನಿಸಿ, ಜಾಗವನ್ನು ಹಿಂದಿನ ದಿನವೇ ಗೊತ್ತುಮಾಡಿಟ್ಟುಕೊಂಡು ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ದೇವರಾಯನದುರ್ಗದಲ್ಲಿ ಇನ್ನೊಂದು ತೊಡಕಿದೆ: ಪಕ್ಕದ ಬೆಟ್ಟ ಅಡ್ಡಬಂದು ಆ 25 ನಿಮಿಷವನ್ನೂ ಕತ್ತರಿಸಿಬಿಡುತ್ತದೆ.

ಬಣ್ಣದ ಪಾಠವನ್ನು ಕಲಿಸಿದ್ದು ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆ. ನೀಲಿ ಟಾರ್ಪಾಲಿನ ಕೆಳಗೆ ರಾಶಿ ಹಾಕಿದ ಟೊಮೆಟೊ ಚಿತ್ರದಲ್ಲಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಮ್ಮ ಕಣ್ಣು ಮನಸ್ಸು ಸೇರಿ ಆ ನೀಲಿಯನ್ನು ತಮ್ಮಷ್ಟಕ್ಕೆ ಕಳೆದುಬಿಡುತ್ತವೆ, ಕ್ಯಾಮೆರಾ ಕಳೆಯುವುದಿಲ್ಲ. ಅದೇ ಬೆಳಕಿನಲ್ಲಿ ಒಂದು ಬಿಳಿ ಕಾಗದದ ಚಿತ್ರ ತೆಗೆದು, ಇದನ್ನೇ ಬಿಳಿಯೆಂದು ಭಾವಿಸು ಎಂದು ಕ್ಯಾಮೆರಾಕ್ಕೆ ತಿಳಿಸಿದರೆ ಟೊಮೆಟೊ ಬಹುಮಟ್ಟಿಗೆ ಕೆಂಪಿಗೆ ಮರಳುತ್ತದೆ. ನಮ್ಮ ಬೀದಿಯ ಹಳೆಯ ಸೋಡಿಯಂ ದೀಪದ ಕೆಳಗೆ ಮಾತ್ರ ಈ ಉಪಾಯ ಸರಿಯಾಗಿ ಫಲಿಸಲಿಲ್ಲ, ಏಕೆಂದರೆ ಬಹುಪಾಲು ಹಳದಿಯೇ ಇರುವ ಆ ಬೆಳಕಿನಲ್ಲಿ ಇಲ್ಲದ ನೀಲಿಯನ್ನು ಎಲ್ಲಿಂದ ತರುವುದು?

ಶಟರ್ ವೇಗದ ಬಗ್ಗೆ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ ಎಂಬುದರ ಬಗ್ಗೆ, ಹೆಚ್ಚು ಹೇಳುವುದಿಲ್ಲ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸಿನ ಸಂಗಮದೂರದ ಒಂದೂವರೆ ಪಟ್ಟನ್ನು ಛೇದವಾಗಿಟ್ಟುಕೊಂಡರೆ, ಅಂದರೆ 55 ಮಿಲಿಮೀಟರಿಗೆ ಸೆಕೆಂಡಿನ 80ರಲ್ಲಿ ಒಂದು ಭಾಗಕ್ಕಿಂತ ನಿಧಾನವಾಗದಂತೆ ನೋಡಿಕೊಂಡರೆ, ನನ್ನಂಥ ಕಾಫಿ ಕುಡಿಯುವವರ ಕೈನಡುಕವೂ ಚಿತ್ರದಲ್ಲಿ ಕಾಣದು. ಶಿವರಾತ್ರಿಯ ಕಾಲದಲ್ಲಿ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ನಡೆದಾಗ ಬೇಕೆಂದೇ 30ರಲ್ಲಿ ಒಂದು ಭಾಗಕ್ಕೆ ಇಳಿಸಿ, ಹಗ್ಗ ಹಿಡಿದು ಓಡಿಸುತ್ತಿದ್ದ ಹಳ್ಳಿಕಾರ್ ಎತ್ತುಗಳ ಜೊತೆಜೊತೆಗೆ ಕ್ಯಾಮೆರಾವನ್ನೂ ಹೊರಳಿಸುತ್ತ ಹೋದೆ. ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಎತ್ತಿನ ಕಣ್ಣು ಸ್ಪಷ್ಟವಾಗಿದ್ದು, ಹಿಂದಿನ ಜನ, ಗುಡಾರ, ಧೂಳು ಎಲ್ಲವೂ ಗೆರೆಗಳಾಗಿವೆ.

ಒಂದು ಅವಘಡವನ್ನೂ ಬರೆದಿಡಬೇಕು. ಎರಡು ವಾರಕ್ಕೊಮ್ಮೆ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ನನ್ನ ಸೋಮಾರಿತನದ ಫಲವಾಗಿ, ಒಂದು ರಾತ್ರಿ ಕಾರ್ಡು ಖಾಲಿಯಾಗಿದೆಯೆಂಬ ಭ್ರಮೆಯಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿದೆ; ಹನ್ನೊಂದು ದಿನಗಳು ಒಂದೇ ಗುಂಡಿಗೆ ಹೋದವು. ಹಾಗೆ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ ಮಾತ್ರ, ಹೊಸದನ್ನು ಬರೆಯದಿದ್ದರೆ ಒಳಗಿನ ಚಿತ್ರಗಳು ಇನ್ನೂ ಇರುತ್ತವೆ ಎಂದು ತಮ್ಮ ಫೋನಿನಲ್ಲಿ ಹೇಳಿ, “ಅಕ್ಕ, ಆ ಕಾರ್ಡ್ ತೆಗೆದು ಎತ್ತಿಡು, ಇನ್ನೊಂದು ಫೋಟೊನೂ ತೆಗೀಬೇಡ” ಎಂದು ಎರಡೆರಡು ಸಲ ಎಚ್ಚರಿಸಿದ. ಆದರೆ ನಾನು ಅಷ್ಟರಲ್ಲಿ ಆ ದಿನದ ಲೆಕ್ಕ ತಪ್ಪಬಾರದೆಂದು ಗೋಡೆಯ ಮೇಲಿನ ಹಲ್ಲಿಯನ್ನು ನಾಲ್ಕು ಸಲ ತೆಗೆದಾಗಿತ್ತು. ಅವನು ಯಾವುದೋ ತಂತ್ರಾಂಶದಿಂದ ಎಂಟು ದಿನಗಳನ್ನು ಮರಳಿ ಕೊಟ್ಟ. ಮೂರು ದಿನಗಳು ಹಲ್ಲಿಯ ಪಾಲಾದವು; ಅವುಗಳಲ್ಲಿ ಒಂದು, ಕೈದಾಳದ ಚೆನ್ನಕೇಶವ ದೇವಸ್ಥಾನದ ಹೊರಗೋಡೆಯ ಮೇಲೆ ಇಳಿಬಿಸಿಲು ಬಿದ್ದ ಚಿತ್ರ. ಅದನ್ನು ಮತ್ತೆ ತೆಗೆಯಲು ಎರಡು ಸಲ ಹೋಗಿಬಂದರೂ ಆ ಬೆಳಕು ಸಿಗಲಿಲ್ಲ.

ಈಗ ಏಪ್ರಿಲ್ ಬಂದಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುಭಾಗದಲ್ಲಿ ಇನ್ನೊಮ್ಮೆ ತುಮಕೂರಿನ ನಡುನೆತ್ತಿಯ ಮೇಲೆ ಸೂರ್ಯ ನಿಲ್ಲುತ್ತಾನೆ. ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನೆಟ್ಟಗಿರುವ ಕಂಬಕ್ಕೆ ನೆರಳೇ ಇರುವುದಿಲ್ಲ. ಕಳೆದ ಏಪ್ರಿಲಿನಲ್ಲಿ, ರಜೆಯಲ್ಲಿದ್ದ ಶಾಲೆಯ ಬೀಗ ತೆಗೆಸಿ, ಗಾರೆ ಕೆಲಸದವರಿಂದ ಎರವಲು ತಂದ ತೂಗುಗುಂಡಿನಿಂದ ಧ್ವಜಸ್ತಂಭ ನೆಟ್ಟಗಿದೆಯೆಂದು ಖಾತ್ರಿ ಮಾಡಿಕೊಂಡು, ಬಿಳಿ ಕಟ್ಟೆಗೆಂದು ಪ್ಲಸ್ ಕಡೆಗೆ ಒಂದು ಸ್ಟಾಪ್ ಸರಿಸಿ, ಬುಡದ ಮೇಲೆ ಬಗ್ಗಿ ಚಿತ್ರ ತೆಗೆದೆ. ಕಂಬದ ನೆರಳು ಇರಲಿಲ್ಲ. ನನ್ನ ತಲೆಯ ನೆರಳು ಸರಿಯಾಗಿ ಚಿತ್ರದ ನಡುವೆ ಬಿದ್ದಿತ್ತು. ಆಗಸ್ಟಿನಲ್ಲಿ ಮೋಡವಿತ್ತು. ಈ ಸಲ ನಾಲ್ಕಡಿ ದೂರದಲ್ಲಿ, ಎತ್ತರದಲ್ಲಿ ನಿಂತು 55 ಮಿಲಿಮೀಟರಿನಲ್ಲಿ ತೆಗೆಯಬೇಕೆಂದಿದ್ದೇನೆ. ಕಾವಲುಗಾರರಿಗೆ ಗೇಟಿನ ಬೀಗ ತೆಗೆಯುವುದರ ಜೊತೆಗೆ ಪ್ರಯೋಗಾಲಯದ ಉದ್ದಕಾಲಿನ ಸ್ಟೂಲನ್ನೂ ಹೊರಗಿಟ್ಟಿರಲು ಹೇಳಿದ್ದೇನೆ.